ಹೆಡ್ಡಿಂಗ್‌ಗೆ ಒಪ್ಪುವ ಫ್ಯೂಚರಿಸ್ಟಿಕ್ ಫಾಂಟ್ ಪ್ಯಾರಾಗೆ ಯಾಕೆ ಒಗ್ಗುವುದಿಲ್ಲ?

ಹೆಡ್ಡಿಂಗ್‌ನಲ್ಲಿ ಸೊಗಸಾಗಿದ್ದ ಚೌಕ ಮೈಕಟ್ಟಿನ ಇಂಗ್ಲಿಷ್ ಸ್ಯಾನ್ಸ್ (ಅಕ್ಷರದ ತುದಿಗಳಲ್ಲಿ ಕುಡಿಗೆರೆ ಇಲ್ಲದ) ಫಾಂಟನ್ನೇ ಇಡೀ ಆ್ಯಪ್‌ಗೆ ಹಾಕಿದೆ, ಈಗ ಎರಡು ಸಾಲು ಓದುವಷ್ಟರಲ್ಲಿ ಕಣ್ಣು ಸೋಲುತ್ತಿದೆ, ಯಾಕೆ ಎಂದು ಕೇಳಿದ್ದೀರಿ. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವನು.

ಆ ಫಾಂಟ್‌ನ 'ಓ' ನೋಡಿ. ಅದು ವೃತ್ತವಲ್ಲ, ಹಳೆಯ ಟಿವಿಯ ಗಾಜಿನ ಹಾಗೆ ಮೂಲೆ ಸವೆಸಿದ ಚೌಕ. ಸಿ, ಡಿ, ಜಿ, ಕ್ಯೂ ಎಲ್ಲಕ್ಕೂ ಅದೇ ಅಚ್ಚು, ಗೆರೆಯ ದಪ್ಪವೂ ಒಂದೇ. ಯಂತ್ರದಿಂದ ಬಂದಂತೆ ಕಾಣುವುದು ಇದರಿಂದಲೇ. ಆದರೆ ಅಕ್ಷರಗಳ ನಡುವಿನ ವ್ಯತ್ಯಾಸವನ್ನು ಒರೆಸಿಹಾಕಿಯೇ ಆ ನುಣುಪು ಬಂದಿರುವುದು, ಕಣ್ಣು ಗುರುತು ಹಿಡಿಯುವುದೋ ಆ ವ್ಯತ್ಯಾಸದಿಂದಲೇ. ಎರಡು ಪದಗಳಿಗೆ ಪರವಾಗಿಲ್ಲ, ಇಪ್ಪತ್ತು ಸಾಲಿಗೆ ದಣಿವು.

ತಮಾಷೆಯೆಂದರೆ ಈ 'ಭವಿಷ್ಯ'ಕ್ಕೆ ಎಪ್ಪತ್ತು ದಾಟಿದೆ. ಇಟಲಿಯ ಟ್ಯೂರಿನ್‌ನ ನೆಬಿಯೋಲೊ ಅಚ್ಚುಮೊಳೆ ಕಂಪನಿಗಾಗಿ ಅಲೆಸ್ಸಾಂಡ್ರೊ ಬುಟ್ಟಿ, ಆಲ್ಡೊ ನೊವಾರೆಸೆ 1952ರಲ್ಲಿ ಇದೇ ಜಾತಿಯ ಮೈಕ್ರೊಗ್ರಾಮಾ ಫಾಂಟ್ ರೂಪಿಸಿದಾಗ ಅದರಲ್ಲಿ ಸಣ್ಣಕ್ಷರಗಳೇ ಇರಲಿಲ್ಲ. 1962ರಲ್ಲಿ ನೊವಾರೆಸೆ ಅವನ್ನೂ ಸೇರಿಸಿದ್ದು ಯೂರೋಸ್ಟೈಲ್ ಆಯಿತು. ಈ ಜಾತಿ ಹುಟ್ಟಿದ್ದೇ ಹೆಡ್ಡಿಂಗ್‌ಗೆ.

1975ರ ನಾಸಾ ಲೋಗೋದಲ್ಲಿ ಎರಡೂ 'ಎ'ಗಳಿಗೆ ಅಡ್ಡಗೆರೆಯಿಲ್ಲ. ಆದರೂ ಓದುತ್ತೇವೆ, ಹೆಸರು ಮೊದಲೇ ಗೊತ್ತಲ್ಲ! ನಿಮ್ಮ ಹೊಸ ಆ್ಯಪ್‌ನ ಹೆಸರಿಗೆ ಆ ಅನುಕೂಲ ಇಲ್ಲ. ಅಡ್ಡಗೆರೆ ತೆಗೆದರೆ ಜನ ಅದನ್ನು ತಲೆಕೆಳಗಾದ 'ವಿ' ಅಂದುಕೊಳ್ಳಬಹುದು.

ನನಗೆ ಪೆಟ್ಟು ಬಿದ್ದದ್ದು ಅಂಕಿಗಳಲ್ಲಿ. ಒಂದು ಉಪಕರಣದ ಪರದೆಯಲ್ಲಿ ನೋಂದಣಿ ಕೋಡನ್ನು ಇಂಥದ್ದೇ ಫಾಂಟ್‌ನಲ್ಲಿ ತೋರಿಸಿದ್ದೆ. ಸೊನ್ನೆ, ಓ, ಡಿ ಮೂರೂ ಒಂದೇ ತಾಯಿ ಮಕ್ಕಳು. 8 ಮತ್ತು ಬಿ ಅವಳಿ. ಉಪಕರಣವನ್ನು ಪರೀಕ್ಷಿಸಲು ಕೂತವರು ಮೂರು ಸಲ ತಪ್ಪು ಟೈಪ್ ಮಾಡಿ ನನ್ನ ಮುಖ ನೋಡಿದರು. ಕೊನೆಗೆ ಕೋಡಿಗೆ ಮಾತ್ರ, ಸೊನ್ನೆಯೊಳಗೆ ಓರೆಗೆರೆ ಇರುವ ಬೇರೆ ಫಾಂಟ್ ಹಾಕಿದೆ.

ಹಾಗಾಗಿ ಹೆಸರು, ಹೆಡ್ಡಿಂಗ್ ಇದರಲ್ಲೇ ಇರಲಿ. ಕ್ಯಾಪಿಟಲ್‌ನಲ್ಲಿ, ಅಕ್ಷರಗಳ ನಡುವೆ ತುಸು ಜಾಗ ಬಿಟ್ಟರೆ ಕಳೆ ಬರುತ್ತದೆ. ಮುಕ್ತ ಪರವಾನಗಿಯ ಆರ್ಬಿಟ್ರಾನ್, ಮಿಕ್ರೋಮಾ ಫಾಂಟ್‌ಗಳು ಈ ಕೆಲಸಕ್ಕೆ ಸಾಕು. ಪ್ಯಾರಾಗಳಿಗೆ ಸಾದಾ ಸ್ಯಾನ್ಸ್ ಹಾಕಿ, ಸಿ, ಇ ಅಕ್ಷರಗಳ ಬಾಯಿ ಅಗಲವಾಗಿ ತೆರೆದಿರುವಂಥದ್ದು.

ಲೋಗೋವನ್ನು ನೀವೇ ಬರೆಯುವುದಾದರೆ ಎರಡು ಮಾತು. ಅಡ್ಡಗೆರೆಗಳನ್ನು ಉದ್ದಗೆರೆಗಿಂತ ಕೂದಲೆಳೆಯಷ್ಟು ತೆಳುವಾಗಿಸಿ. ಸ್ಕೇಲಿನಲ್ಲಿ ಅಳೆದು ಸಮ ಮಾಡಿದರೆ ಅಡ್ಡಗೆರೆಯೇ ದಪ್ಪ ಕಾಣುತ್ತದೆ. ಮೂಲೆಗೆ ಕಾಲು ವೃತ್ತ ಅಂಟಿಸಬೇಡಿ, ನೇರಗೆರೆ ತಿರುವಿಗೆ ಸೇರುವಲ್ಲಿ ಗಂಟು ಕಟ್ಟಿದಂತೆ ಕಾಣುತ್ತದೆ. ಬದಿಗಳೇ ನಿಧಾನವಾಗಿ ಬಾಗುತ್ತಾ ಹೋಗುವ ಸೂಪರ್‌ಎಲಿಪ್ಸ್ ಬಳಸಿ, ಡೆನ್ಮಾರ್ಕಿನ ಕವಿ, ವಿನ್ಯಾಸಕ ಪೀಟ್ ಹೈನ್ ಜನಪ್ರಿಯಗೊಳಿಸಿದ ಆಕಾರ ಅದು. ಆಮೇಲೆ ಆ್ಯಪ್‌ನ ಹೆಸರು ಕೇಳಿರದ ಒಬ್ಬರಿಗೆ ಅದನ್ನು ಫೋನಿನ ಐಕಾನ್ ಅಳತೆಯಲ್ಲಿ ತೋರಿಸಿ, ಗಟ್ಟಿಯಾಗಿ ಓದಲು ಹೇಳಿ.