ಗಸೆಂಡಿ ಕೊನೇ ಪ್ಯಾರಾದಲ್ಲಿ ಯಾಕೆ?

ನಮಸ್ಕಾರ. ಗ್ರೀಕ್ ತತ್ವಶಾಸ್ತ್ರ ಮತ್ತು ಕ್ರೈಸ್ತ ಪಾದ್ರಿಗಳ ಬಗ್ಗೆ ನೀವು ಕಳಿಸಿದ ಲೇಖನ, ಕೊನೇಲಿ ಹದಿನೇಳನೇ ಶತಮಾನದ ಫ್ರೆಂಚ್ ಪಾದ್ರಿ, ತತ್ವಜ್ಞಾನಿ ಗಸೆಂಡಿ ಬರ್ತಾನಲ್ಲ ಅದು, ಎರಡು ಸಲ ಓದ್ದೆ, ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಕೈಬಿಡೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ತಪ್ಪು ಮೊದಲ್ನೇ ಸಾಲಲ್ಲೇ ಇದೆ. ಚರ್ಚು ಗ್ರೀಕ್ ತತ್ವಜ್ಞಾನಿಗಳಿಗೆ ಬಾಗಿಲು ಹಾಕಿತ್ತು ಅಂದಿದೀರಿ. ಎಲ್ಲಿ ಹಾಕಿತ್ತು? ಜೆಸ್ಯೂಟರು ಅನ್ನೋ ಕ್ಯಾಥೊಲಿಕ್ ಪಾದ್ರಿಗಳ ಸಂಘದವರು 1599ರಲ್ಲಿ ತಮ್ಮ ಕಾಲೇಜುಗಳಿಗೆ ಮಾಡ್ಕೊಂಡ ಪಾಠಕ್ರಮದಲ್ಲಿ ತತ್ವಶಾಸ್ತ್ರಕ್ಕೆ ಅರಿಸ್ಟಾಟಲೇ ಆಧಾರ, ಪ್ಲೇಟೋನ ಲ್ಯಾಟಿನ್‌ಗೆ ತಂದ ಫಿಚಿನೊ ಸ್ವತಃ ಪಾದ್ರಿ. ಯಾವ ಗ್ರೀಕನ್ನ ಒಳಗೆ ಬಿಟ್ಕೋಬೇಕು ಅನ್ನೋದೇ ಆಗ ಜಗಳ. 1624ರಲ್ಲಿ ಪ್ಯಾರಿಸ್ಸಲ್ಲಿ ಅರಿಸ್ಟಾಟಲ್ ವಿರುದ್ಧ ವಾದ ಮಂಡಿಸೋಕೆ ಹೊರಟ ಮೂರು ಜನರನ್ನ ಊರು ಬಿಡಿಸಿದ್ರು, ಅದೇ ವರ್ಷ ದಕ್ಷಿಣ ಫ್ರಾನ್ಸಿನ ಪಾದ್ರಿ ಗಸೆಂಡಿ ಅರಿಸ್ಟಾಟಲ್ ಪಂಥದವರನ್ನ ಖಂಡಿಸಿ ಪುಸ್ತಕ ತಂದ. ಇಲ್ಲಿಂದ ಶುರು ಮಾಡಿ ಸ್ವಾಮಿ! ಇಂಥಾ ಮನುಷ್ಯನ್ನ ಕೊನೇ ಪ್ಯಾರಾದಲ್ಲಿ ಎರಡು ಸಾಲಿಗೆ ಮುಗಿಸಿದೀರಲ್ಲ.

ನನಗೆ ನಿಜವಾಗ್ಲೂ ಬೇಜಾರಾಗಿದ್ದು ಗಸೆಂಡಿನ ಒಳಗೊಳಗೇ ನಾಸ್ತಿಕ ಅಂತ ನೀವು ಸಲೀಸಾಗಿ ಬರ್ದಿರೋದು. ಅವನು ಆರಿಸ್ಕೊಂಡ ಗ್ರೀಕ ಎಪಿಕ್ಯೂರಸ್, ಪಾದ್ರಿಗಳು ಹೆಸರೆತ್ತೋಕೂ ಹೆದರ್ತಿದ್ದ ಆಸಾಮಿ, ಜಗತ್ತೆಲ್ಲಾ ಪರಮಾಣು ಮತ್ತು ಶೂನ್ಯ, ಆತ್ಮನೂ ಪರಮಾಣುನೇ, ಸತ್ತ ಮೇಲೆ ಚದುರಿ ಹೋಗತ್ತೆ, ದೇವರುಗಳಿಗೆ ನಮ್ಮ ಗೊಡವೆಯಿಲ್ಲ ಅಂದವನು. ಗಸೆಂಡಿ 1649ರಲ್ಲಿ ಇವನ ಮಾತುಗಳನ್ನ ಗ್ರೀಕ್ ಮೂಲ, ಲ್ಯಾಟಿನ್ ಅನುವಾದ, ಟಿಪ್ಪಣಿ ಸಮೇತ ಅಚ್ಚು ಹಾಕಿಸ್ದ, ನಂಬಿಕೆಗೆ ಎದುರಾಗೋ ಕಡೆ ಮಾತ್ರ ನಿಂತು ಖಂಡಿಸ್ದ. ಪರಮಾಣು ಇಟ್ಕೊಂಡ, ಆದ್ರೆ ಅವುಗಳನ್ನ ದೇವರು ಸೃಷ್ಟಿಸಿದ್ದು, ಅವುಗಳ ಸಂಖ್ಯೆಗೆ ಮಿತಿ ಇದೆ, ಚಲನೆ ಕೊಟ್ಟಿದ್ದೂ ದೇವರೇ ಅಂದ, ಮನುಷ್ಯನಿಗೆ ಪರಮಾಣುವಲ್ಲದ, ಸಾವಿಲ್ಲದ ಆತ್ಮ ಬೇರೆ ಇದೆ ಅಂದ. 1655ರಲ್ಲಿ ತೀರ್ಕೊಳ್ಳೋವರೆಗೂ ಪಾದ್ರಿಯಾಗೇ ಇದ್ದ, ಕಾಲು ಶತಮಾನಕ್ಕೂ ಹೆಚ್ಚು ಈ ಒಬ್ಬ ಗ್ರೀಕನ ಜೊತೆ ಗುದ್ದಾಡ್ದ. ಬರೀ ವೇಷ ಹಾಕ್ಕೊಂಡವನು ಇಷ್ಟು ಕಷ್ಟ ಪಡ್ತಾನಾ? ಬೇರೆ ಥರ ಓದೋ ವಿದ್ವಾಂಸರೂ ಇದಾರೆ, ಹಾಗೇ ಅನ್ಸಿದ್ರೆ ಕಾರಣ ಕೊಟ್ಟು ವಾದ ಮಾಡಿ, ಹಣೆಪಟ್ಟಿ ಅಂಟಿಸ್ಬೇಡಿ. ಏನು ಇಟ್ಕೊಂಡ, ಏನು ಬಿಟ್ಟ, ಯಾಕೆ ಅನ್ನೋದನ್ನ ಒಂದೊಂದಾಗಿ ಬಿಡಿಸಿ ಹೇಳಿ, ಓದೋರಿಗೆ ಬೇಕಾಗಿರೋದು ಅದೇ.

1631ರಲ್ಲಿ ಬುಧಗ್ರಹ ಸೂರ್ಯನ ಮುಂದೆ ಹಾದು ಹೋಗಿದ್ದನ್ನ ಅವನು ನೋಡಿದ ಭಾಗ ಸೊಗಸಾಗಿದೆ, ಆದ್ರೆ ಇಲ್ಲಿಗೆ ಹೊಂದಲ್ಲ, ತೆಗ್ದಿಟ್ಟು ಬೇರೆ ಲೇಖನ ಮಾಡಿ. ಭಾಷೆ ಬಗ್ಗೆ ತಕರಾರಿಲ್ಲ, ಆ "ಪ್ರಪ್ರಥಮವಾಗಿ", "ತದನಂತರ" ಎಲ್ಲಾ ಹೊಡೆದು ಹಾಕಿ ಸಾಕು. ತಿದ್ದಿ ಕಳಿಸಿ, ಕಾಯ್ತಿರ್ತೀನಿ.