ಪಾಮುಕ್ ಓದಲು ಇಸ್ತಾಂಬುಲ್ ಗೊತ್ತಿರಬೇಕಾ?

ಪ್ರಶ್ನೆ: ಟರ್ಕಿಯ ಕಾದಂಬರಿಕಾರ ಒರ್ಹಾನ್ ಪಾಮುಕ್ ಅವರ ‘ಇಸ್ತಾಂಬುಲ್’ ಹಿಡಿದು ಅರ್ಧಕ್ಕೇ ಬಿಟ್ಟೆ. ಟೀವಿಯಲ್ಲಿ ಕಾಣುವ ಝಗಮಗ ಊರು ಅದರಲ್ಲಿ ಇಲ್ಲವೇ ಇಲ್ಲ. ಬರೀ ಬೇಸರ, ಹಳೇ ಮನೆ, ಹೊಗೆ. ಆ ಊರು ನೋಡದವರಿಗೆ ಇವರ ಪುಸ್ತಕ ರುಚಿಸುವುದಿಲ್ವಾ? ಯಾವುದರಿಂದ ಶುರು ಮಾಡಲಿ?

ಉತ್ತರ: ಊರು ನೋಡಿರಬೇಕಾಗಿಲ್ಲ. ಆದರೆ ನೀವು ಹಿಡಿದದ್ದು ಮೊದಲು ಓದುವ ಪುಸ್ತಕ ಅಲ್ಲ. 2003ರಲ್ಲಿ ಬಂದ ಅದು ಕಾದಂಬರಿಯಲ್ಲ, ನೆನಪುಗಳ ಬರಹ. ಪಾಮುಕ್ ಹುಟ್ಟಿದ್ದು 1952ರಲ್ಲಿ, ಬೆಳೆದದ್ದು ನಿಶಾಂತಾಶಿ ಎಂಬ ಸ್ಥಿತಿವಂತರ ಬಡಾವಣೆಯಲ್ಲಿ. ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಇಡೀ ಕುಟುಂಬ. ಅಜ್ಜ ರೈಲು ಹಳಿ ಹಾಕಿಸುವ ಕೆಲಸದಲ್ಲಿ ಜೋರಾಗಿ ದುಡ್ಡು ಮಾಡಿದ್ದರು, ಮಕ್ಕಳು ಅದನ್ನು ಕರಗಿಸುತ್ತಾ ಬಂದರು. ಹೊರಗೆ ನೋಡಿದರೆ ಒಟ್ಟೋಮನ್ ಸಾಮ್ರಾಜ್ಯ ಕಳೆದುಕೊಂಡು ಬಡವಾದ ನಗರ. ಊರಿನ ನಡುವೆ ಹಾದುಹೋಗುವ ಜಲಸಂಧಿ ಬಾಸ್ಫರಸ್‌ನ ದಡದ ಹಳೇ ಮರದ ಬಂಗಲೆಗಳಿಗೆ ಬೆಂಕಿ ಬಿದ್ದರೆ ಜನ ಹೋಗಿ ನಿಂತು ನೋಡುತ್ತಿದ್ದ ಕಾಲ ಅದು. ಮನೆಯೂ ಊರೂ ಒಟ್ಟಿಗೇ ಇಳಿಮುಖವಾದುದನ್ನು ಕಂಡ ಹುಡುಗ ಬರೆದ ಪುಸ್ತಕದಲ್ಲಿ ಝಗಮಗ ಹುಡುಕಿದರೆ ಹೇಗೆ?

ನನ್ನ ಸಲಹೆ, ‘ಎ ಸ್ಟ್ರೇಂಜ್‌ನೆಸ್ ಇನ್ ಮೈ ಮೈಂಡ್’ ತೆಗೆದುಕೊಳ್ಳಿ. 2014ರ ಕಾದಂಬರಿ. ದಪ್ಪ ನೋಡಿ ಹೆದರಬೇಡಿ, ಓಡುತ್ತದೆ. ಇಲ್ಲಿ ಪಾಮುಕ್ ತಮ್ಮ ಬಡಾವಣೆ ಬಿಟ್ಟು ನಗರದ ಅಂಚಿನ ಗುಡ್ಡಗಳಿಗೆ ಹೋಗುತ್ತಾರೆ. ನಾಯಕ ಮೆವ್ಲುತ್ 1969ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಹಳ್ಳಿಯಿಂದ ಅಪ್ಪನ ಹತ್ತಿರ ಬರುತ್ತಾನೆ. ಅಪ್ಪ ಹಗಲು ಮೊಸರು, ರಾತ್ರಿ ಬೋಜಾ ಮಾರುವವನು. ಬೋಜಾ ಅಂದರೆ ಧಾನ್ಯ ಹುಳಿ ಬರಿಸಿ ಮಾಡುವ ಗಟ್ಟಿ ಪಾನೀಯ. ನಮ್ಮ ಅಂಬಲಿಯ ದೂರದ ನೆಂಟ ಅನ್ನಿ, ಆದರೆ ಸ್ವಲ್ಪ ಸಿಹಿ. ಚಳಿಗಾಲದಲ್ಲಿ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ, ಹುರಿಗಡಲೆ ಜೊತೆ ಕುಡಿಯುತ್ತಾರೆ.

ಮೆವ್ಲುತ್ ಹೆಗಲ ಮೇಲೆ ಅಡ್ಡೆ ಹೊತ್ತು ಕೂಗುತ್ತಾ ನಡೆಯುತ್ತಾನೆ, ನಾಲ್ಕು ದಶಕ. ಸರ್ಕಾರಿ ಜಾಗದಲ್ಲಿ ರಾತ್ರೋರಾತ್ರಿ ಎದ್ದ ಒಂದು ಕೋಣೆಯ ಮನೆಗಳು ಅವನ ಕಣ್ಣೆದುರೇ ಬಹುಮಹಡಿ ಕಟ್ಟಡಗಳಾಗುತ್ತವೆ. ಹಕ್ಕುಪತ್ರ ಇಲ್ಲದ ಜಾಗಕ್ಕೆ ಮೊಹಲ್ಲಾದ ಮುಖ್ಯಸ್ಥ ಬರೆದುಕೊಟ್ಟ ಒಂದು ಚೀಟಿಗಾಗಿ ನೆಂಟರ ನಡುವೆ ನಡೆಯುವ ಜಗಳ ಓದಿ. ಬೆಂಗಳೂರಿನಲ್ಲಿ ಸೈಟಿನ ವ್ಯವಹಾರ ನೋಡಿದವರಿಗೆ ಟಿಪ್ಪಣಿಯೇ ಬೇಡ. ಪಾಮುಕ್ ಹುಟ್ಟಿದಾಗ ಸುಮಾರು ಹತ್ತು ಲಕ್ಷ ಜನರಿದ್ದ ನಗರದಲ್ಲಿ ಈಗ ಒಂದೂವರೆ ಕೋಟಿಗೂ ಜಾಸ್ತಿ ಜನ. ಆ ಬದಲಾವಣೆಯನ್ನು ಬಂಗಲೆಯ ಕಿಟಕಿಯಿಂದಲ್ಲದೆ ಬೀದಿಯಲ್ಲಿ ನಿಂತು ಹೇಳಿದ್ದಾರೆ. ಅದಕ್ಕೇ ಅವರ ಪುಸ್ತಕಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ.

ಕೊಲೆಯ ಕಥೆ ಬೇಕಿದ್ದರೆ ‘ಮೈ ನೇಮ್ ಈಸ್ ರೆಡ್’. 1591ರ ಇಸ್ತಾಂಬುಲ್, ಸುಲ್ತಾನನ ಚಿತ್ರಕಾರರು. ಬಾವಿಯ ತಳದಲ್ಲಿ ಬಿದ್ದ ಹೆಣವೇ ಮೊದಲು ಮಾತಾಡುತ್ತದೆ. ಆಮೇಲೆ ನಾಯಿ, ಮರ, ನಾಣ್ಯ ಕೂಡ. ಇಪ್ಪತ್ತೆರಡರವರೆಗೂ ಚಿತ್ರಕಾರನಾಗಬೇಕೆಂದೇ ಇದ್ದವರು ಪಾಮುಕ್, ಅದು ಪುಟಪುಟದಲ್ಲೂ ಗೊತ್ತಾಗುತ್ತದೆ. ‘ದಿ ಬ್ಲಾಕ್ ಬುಕ್’ ಸದ್ಯಕ್ಕೆ ಬೇಡ. ಕಾಣೆಯಾದ ಹೆಂಡತಿಯನ್ನು ಹುಡುಕಿಕೊಂಡು ಊರೆಲ್ಲಾ ಅಲೆಯುವ ವಕೀಲನ ಕಥೆ, ನಮ್ಮನ್ನೂ ದಾರಿ ತಪ್ಪಿಸುತ್ತದೆ. ಬಾಸ್ಫರಸ್ ಒಣಗಿದರೆ ತಳದಲ್ಲಿ ಏನೇನು ಸಿಗಬಹುದು ಎಂಬ ಒಂದು ಅಧ್ಯಾಯವಿದೆ. ಅದೊಂದನ್ನು ಬಿಡಿಯಾಗಿ ಓದಬಹುದು.

ಪ್ರಶ್ನೆ: ಕಾದಂಬರಿಯ ಹೆಸರಿನ ಮ್ಯೂಸಿಯಂ ಇಸ್ತಾಂಬುಲ್‌ನಲ್ಲಿ ನಿಜಕ್ಕೂ ಇದೆಯಂತೆ. ಕಥೆ ನಡೆದದ್ದೇ ಹಾಗಾದರೆ?

ಉತ್ತರ: ಕಥೆ ಕಟ್ಟಿದ್ದು, ಮ್ಯೂಸಿಯಂ ನಿಜ. ‘ದಿ ಮ್ಯೂಸಿಯಂ ಆಫ್ ಇನೊಸೆನ್ಸ್’ 2008ರಲ್ಲಿ ಬಂತು. ಶ್ರೀಮಂತ ಕೆಮಾಲ್ ತಾನು ಪ್ರೀತಿಸಿದ ಫುಸುನ್ ಮುಟ್ಟಿದ ವಸ್ತುಗಳನ್ನೆಲ್ಲ ಕದ್ದು ಕೂಡಿಡುತ್ತಾನೆ. 2012ರಲ್ಲಿ ಪಾಮುಕ್ ಚುಕುರ್‌ಜುಮಾ ಬಡಾವಣೆಯ ಹಳೇ ಮನೆಯೊಂದರಲ್ಲಿ ಮ್ಯೂಸಿಯಂ ತೆರೆದರು. ಕಾದಂಬರಿಯ 83 ಅಧ್ಯಾಯಗಳಿಗೆ ಒಂದೊಂದು ಪೆಟ್ಟಿಗೆ. ಒಳಹೊಕ್ಕರೆ ಗೋಡೆಯ ಮೇಲೆ ಅವಳು ಸೇದಿ ಬಿಟ್ಟ 4,213 ಸಿಗರೇಟ್ ತುಂಡುಗಳು! ಪ್ರೀತಿಗಿಂತ ಹುಚ್ಚು ಜಾಸ್ತಿ ಅನಿಸಿದರೆ ನಿಮ್ಮ ತಪ್ಪಲ್ಲ. ಪಾತ್ರಗಳಲ್ಲಿ ಆಸಕ್ತಿ ಇಲ್ಲದಿದ್ದರೂ ನೋಡಬಹುದು. ಕಥೆ ನಡೆಯುವ ಕಾಲದ ಇಸ್ತಾಂಬುಲ್ ಮನೆಗಳ ಗಡಿಯಾರ, ಉಪ್ಪಿನ ಡಬ್ಬಿ, ಫೋಟೋ ಎಲ್ಲ ಅಲ್ಲಿವೆ. ಹೋಗುವಾಗ ಪುಸ್ತಕ ಕೈಯಲ್ಲಿರಲಿ. ಕೊನೆಯ ಅಧ್ಯಾಯದಲ್ಲಿ ಟಿಕೆಟ್ ಅಚ್ಚಾಗಿದೆ, ಅದರ ಮೇಲೆ ಸೀಲ್ ಒತ್ತಿ ಪುಕ್ಕಟೆ ಒಳಗೆ ಬಿಡುವ ಏರ್ಪಾಡು ಮಾಡಿದ್ದಾರೆ.

ಪ್ರಶ್ನೆ: ಇಸ್ತಾಂಬುಲ್ ಬಿಟ್ಟು ಬೇರೆ ಊರಿನ ಕಥೆ ಬರೆದಿಲ್ಲವೇ?

ಉತ್ತರ: ಬರೆದಿದ್ದಾರೆ. 2002ರ ‘ಸ್ನೋ’ ಟರ್ಕಿಯ ಪೂರ್ವದ ಗಡಿ ಪಟ್ಟಣ ಕಾರ್ಸ್‌ನದು. ಹಿಮ ಬಿದ್ದು ರಸ್ತೆ ಮುಚ್ಚಿದ ಊರಿನಲ್ಲಿ ಒಂದು ಕ್ಷಿಪ್ರಕ್ರಾಂತಿ. ರಾಜಕೀಯ ಇಷ್ಟವಿದ್ದರೆ ಇದನ್ನೇ ಮೊದಲು ಓದಿದರೂ ಸರಿ.