ಲೆಕ್ಕ ನೋಡುವವರು ಇರುವಲ್ಲಿ ಕೆಲಸ ಮಾಡಿ

ಪ್ರಶ್ನೆ: ಬಿಇ ಸಿವಿಲ್ ಮುಗಿಸಿ ಎರಡು ವರ್ಷದಿಂದ ಇಲ್ಲೇ ಒಂದು ಸಣ್ಣ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಆಫೀಸಿನಲ್ಲಿದ್ದೇನೆ. ಬೆಳಗಿಂದ ಸಂಜೆವರೆಗೆ ಇಟ್ಯಾಬ್ಸ್ ಎಂಬ ಕಟ್ಟಡ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮನೆಗಳ ಮಾಡೆಲ್ ಮಾಡುವುದೇ ಕೆಲಸ. ನಮ್ಮ ಸರ್ ಒಳ್ಳೆಯವರು, ಆದರೆ ಸದಾ ಬಿಜಿ. ಜೊತೆಗೆ ಓದಿದವರೆಲ್ಲ ಬೆಂಗಳೂರಿನಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ ಮಾಡುತ್ತಿದ್ದಾರೆ. ನಾನೂ ಹೋಗಲಾ, ಎಂ.ಟೆಕ್ ಮಾಡಲಾ?
– ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಊರು ಬಿಡುವುದು ಆಮೇಲಿನ ಮಾತು. ನಿಮ್ಮ ಲೆಕ್ಕವನ್ನು ಯಾರಾದರೂ ಕೂತು ನೋಡುತ್ತಾರಾ? ಶುರುವಿನ ನಾಲ್ಕೈದು ವರ್ಷ ಸಂಬಳಕ್ಕಿಂತ ಅದೇ ಮುಖ್ಯ. ದೊಡ್ಡ ಕಟ್ಟಡದ ಆಫೀಸಿಗೆ ಸೇರಿ ಬರೀ ಮೆಟ್ಟಿಲಿನ ಡ್ರಾಯಿಂಗ್ ಮಾಡುತ್ತಾ ವರ್ಷಗಟ್ಟಲೆ ಕಳೆಯುವವರೂ ಇದ್ದಾರೆ. ಎರಡಂತಸ್ತಿನ ಮನೆಯಲ್ಲಾದರೆ ಪಾಯದ ಫೂಟಿಂಗ್‌ನಿಂದ ಮೇಲಿನ ಟ್ಯಾಂಕಿನವರೆಗೆ ಎಲ್ಲವೂ ನಿಮ್ಮ ಕೈಯಲ್ಲೇ ಆಗುತ್ತದೆ.

ಬಿಜಿ ಇರುವವರ ಹತ್ತಿರ ಕೇಳುವ ರೀತಿ ಬೇರೆ. ‘ಸರ್, ಮಾಡೆಲ್ ನೋಡಿ’ ಅಂದರೆ ‘ಆಮೇಲೆ ನೋಡೋಣ’ ಅನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಮೊದಲು ನೀವೇ ಕೈಲೆಕ್ಕ ಹಾಕಿ. ಐದು ಇಂಚಿನ ಸ್ಲ್ಯಾಬ್ ಅಂದರೆ 125 ಮಿ.ಮೀ., ಆರ್‌ಸಿಸಿ ಒಂದು ಘನ ಮೀಟರಿಗೆ 25 ಕಿಲೋನ್ಯೂಟನ್, ಹಾಗಾಗಿ ಚದರ ಮೀಟರಿಗೆ 3.125. ನೆಲದ ಫಿನಿಶಿಂಗ್‌ಗೆ 1, ಮನೆಯ ಲೈವ್ ಲೋಡ್ (ಜನ, ಸಾಮಾನಿನ ಭಾರ) 2. ಒಟ್ಟು ಆರು ಚಿಲ್ಲರೆ. ಇದನ್ನು ವಿಸ್ತೀರ್ಣದಿಂದ ಗುಣಿಸಿ, ಗೋಡೆ, ಬೀಮ್, ಪಿಲ್ಲರ್ ತೂಕ ಸೇರಿಸಿ, ಸುರಕ್ಷತೆಗೆಂದು 1.5ರಿಂದ ಗುಣಿಸದ ಲೋಡ್ ಕೇಸಿನಲ್ಲಿ ಸಾಫ್ಟ್‌ವೇರ್ ಕೊಡುವ ಬುಡದ ರಿಯಾಕ್ಷನ್ (ಬುಡ ಹೊರುವ ಒಟ್ಟು ಭಾರ) ಜೊತೆ ಹೋಲಿಸಿ. ವ್ಯತ್ಯಾಸ ಜಾಸ್ತಿ ಬಂತು ಅಂದರೆ ಎಲ್ಲೋ ಗೋಡೆ ಬಿಟ್ಟುಹೋಗಿದೆ, ಇಲ್ಲವೇ ಒಂದೇ ಲೋಡ್ ಎರಡು ಸಲ ಬಿದ್ದಿದೆ. ಆಗ ಹೋಗಿ, ‘ಸರ್, ಕೈಲೆಕ್ಕಕ್ಕಿಂತ ಮಾಡೆಲ್ ಜಾಸ್ತಿ ತೋರಿಸುತ್ತಿದೆ, ಮೆಟ್ಟಿಲ ಹತ್ತಿರ ಅನುಮಾನ’ ಎನ್ನಿ. ಎಷ್ಟೇ ಬಿಜಿ ಇದ್ದರೂ ನಿಂತ ಕಾಲಲ್ಲೇ ಉತ್ತರ ಹೇಳುತ್ತಾರೆ.

ಇನ್ನೊಂದು, ಕಾಂಕ್ರೀಟ್ ಹಾಕುವ ಹಿಂದಿನ ದಿನ ಸೈಟಿಗೆ ಹೋಗಿ. ಬಾಲ್ಕನಿ, ಸಜ್ಜಾಗಳ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು ಅಂತ ನಿಮಗೆ ಗೊತ್ತು. ಆದರೆ ಕಂಬಿಯನ್ನು ಎತ್ತಿ ಹಿಡಿಯುವ ಚೇರ್ ಸರಿಯಾಗಿ ಇಡದಿದ್ದರೆ ಬಾಂಡಲಿ ಹಿಡಿದು ಓಡಾಡುವವರು ತುಳಿದು ತುಳಿದು ಆ ಕಂಬಿ ಕೆಳಗೆ ಕೂರುತ್ತದೆ. ಮೇಲಿರಬೇಕಾದದ್ದು 40 ಮಿ.ಮೀ. ಇಳಿದರೆ ಐದು ಇಂಚಿನ ಬಾಲ್ಕನಿಯ ಶಕ್ತಿ ಸುಮಾರು 40 ಪರ್ಸೆಂಟ್ ಹೋದಂತೆಯೇ. ಡ್ರಾಯಿಂಗ್ ಎಷ್ಟು ಚೆನ್ನಾಗಿದ್ದರೇನು ಬಂತು? ಬಾರ್ ಬೆಂಡರ್ ಪಕ್ಕ ನಿಂತು ನೋಡಿ, ಟೇಪ್ ಹಿಡಿದು ಅಳೆಯಿರಿ, ಸಂಕೋಚ ಬೇಡ.

ನಮ್ಮ ಮಳೆಯನ್ನೂ ಮರೆಯಬೇಡಿ. ಕಾಂಕ್ರೀಟಿನ ಕೋಡ್ ಐಎಸ್ 456:2000ರಲ್ಲಿ ಜೋರು ಮಳೆಗೆ ಒಡ್ಡಿದ ಕಾಂಕ್ರೀಟ್ ‘ಸಿವಿಯರ್’ ಗುಂಪಿಗೆ ಬರುತ್ತದೆ. ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಹೊದಿಕೆ) 45 ಮಿ.ಮೀ. ಬಯಲುಸೀಮೆಯ ಯಾವುದೋ ಡ್ರಾಯಿಂಗ್‌ನಿಂದ 20 ಮಿ.ಮೀ. ಅಂತ ನಕಲು ಮಾಡಿ ಆಗುಂಬೆ, ಹೊಸನಗರ ಕಡೆ ನೆನೆಯುವ ಸಜ್ಜಾಕ್ಕೆ ಕೊಟ್ಟರೆ ಕೆಲವೇ ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಪ್ಲಾಸ್ಟರ್ ಉದುರುತ್ತದೆ.

ಇಷ್ಟು ಮಾಡಿದ ಮೇಲೂ ಆಫೀಸಿನಲ್ಲಿ ಯಾರೂ ತಿರುಗಿ ನೋಡದಿದ್ದರೆ ಹೊರಡಿ. ಬೆಂಗಳೂರಿನ ಇಂಟರ್‌ವ್ಯೂನಲ್ಲಿ ‘ನನ್ನ ಲೆಕ್ಕ ಯಾರು ಚೆಕ್ ಮಾಡುತ್ತಾರೆ?’ ಎಂದು ನೇರವಾಗಿ ಕೇಳಿ. ಎತ್ತರದ ಕಟ್ಟಡ, ಭೂಕಂಪದ ಡಿಸೈನ್ ಆಳವಾಗಿ ಬೇಕಿದ್ದರೆ ಎಂ.ಟೆಕ್ ಒಳ್ಳೆಯದೇ. ಗೇಟ್ ಪರೀಕ್ಷೆ ಬರೆಯಿರಿ, ಸುರತ್ಕಲ್ ಎನ್‌ಐಟಿಕೆ ಇಲ್ಲೇ ಘಟ್ಟದ ಕೆಳಗಿದೆ. ಈಗಿನ ಕೆಲಸ ಬೇಜಾರು ಅಂತ ಸುಮ್ನೆ ಮಾಡಬೇಡಿ.

ಪ್ರಶ್ನೆ: ಸಿಗಂದೂರು ಸೇತುವೆ ನೋಡಿದಾಗಿನಿಂದ ಸೇತುವೆ ಡಿಸೈನ್ ಕಲಿಯುವ ಆಸೆ. ಎಲ್ಲಿಂದ ಶುರು ಮಾಡಲಿ?
– ಅಂತಿಮ ವರ್ಷದ ವಿದ್ಯಾರ್ಥಿ, ಸಾಗರ

ಉತ್ತರ: ಲಿಂಗನಮಕ್ಕಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಶುರುವಾದ ಆ ಕೇಬಲ್ ಸೇತುವೆ ಯಾರಿಗಾದರೂ ಆಸೆ ಹುಟ್ಟಿಸುತ್ತದೆ. ಆದರೆ ಕೇಬಲ್‌ನಿಂದ ಶುರು ಮಾಡಬೇಡಿ. ಹಳ್ಳಕ್ಕೆ ಹಾಕುವ ಬಾಕ್ಸ್ ಕಲ್ವರ್ಟ್ (ಪೆಟ್ಟಿಗೆಯಾಕಾರದ ಕಿರುಸೇತುವೆ) ಒಂದನ್ನು ಪೂರ್ತಿ ಕೈಲೆಕ್ಕದಲ್ಲಿ ಮಾಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೋಡ್‌ಗಳಲ್ಲಿ ಲೋಡ್‌ಗೆ ಐಆರ್‌ಸಿ 6, ಕಾಂಕ್ರೀಟಿಗೆ ಐಆರ್‌ಸಿ 112 ಪಕ್ಕದಲ್ಲಿರಲಿ.

ಪ್ರಶ್ನೆ: ಚಿಕ್ಕಪ್ಪ ಮನೆ ಕಟ್ಟಿಸುತ್ತಿದ್ದಾರೆ. ಮೇಸ್ತ್ರಿ ಹೇಳಿದಂತೆ ಪಿಲ್ಲರ್ ಎದ್ದಾಗಿದೆ. ಈಗ ‘ನೀನು ಎಂಜಿನಿಯರ್ ಅಲ್ವಾ, ಒಂದು ಸೈನ್ ಹಾಕು’ ಅನ್ನುತ್ತಿದ್ದಾರೆ. ಹೇಗೆ ಬೇಡ ಅನ್ನಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಹಾಕಬೇಡಿ. ನೀವು ಲೆಕ್ಕ ಹಾಕದ ಕಟ್ಟಡಕ್ಕೆ ನಿಮ್ಮ ಸೈನ್ ಬೇಡ, ಚಿಕ್ಕಪ್ಪನ ಮನೆಯಾದರೂ ಸರಿ. ಆದರೆ ಬರೀ ‘ಆಗಲ್ಲ’ ಅಂದು ಎದ್ದು ಬರಬೇಡಿ, ಅದರಲ್ಲಿ ವಾಸ ಮಾಡುವವರು ನಿಮ್ಮ ಮನೆಯವರೇ ಅಲ್ವಾ. ‘ಚಿಕ್ಕಪ್ಪ, ಒಂದು ವಾರ ಮೇಲಿನ ಕೆಲಸ ನಿಲ್ಲಿಸಿ, ನಾನು ಇರುವುದನ್ನೆಲ್ಲ ಅಳೆದು ಕೊಡುತ್ತೇನೆ’ ಎನ್ನಿ. ಒಂದೆರಡು ಕಡೆ ಮಣ್ಣು ತೆಗೆಸಿ ಫೂಟಿಂಗ್ ಅಳತೆ ನೋಡಿ. ಮೇಸ್ತ್ರಿಯನ್ನು ಜರಿಯದೆ ಕಂಬಿ ಎಷ್ಟು, ರಿಂಗ್ ಎಷ್ಟು ಅಂತರಕ್ಕೆ ಕಟ್ಟಿದ್ದು ಎಂದು ಕೇಳಿ ಬರೆದುಕೊಳ್ಳಿ, ಪಿಲ್ಲರ್‌ಗಳಿಗೆ ಕಾಂಕ್ರೀಟ್ ಗಟ್ಟಿತನ ಅಂದಾಜಿಸುವ ರಿಬೌಂಡ್ ಹ್ಯಾಮರ್ ಟೆಸ್ಟ್ ಮಾಡಿಸಿ. ಆ ವಿವರವೆಲ್ಲ ಹಿಡಿದು ಅನುಭವಿ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ. ಎಷ್ಟು ಅಂತಸ್ತು ಏರಿಸಬಹುದು ಎನ್ನುವುದನ್ನು ಅವರ ಬಾಯಿಂದಲೇ ಚಿಕ್ಕಪ್ಪ ಕೇಳಲಿ.